ಸಿಂತ್ ಮಾಡ್ಯೂಲ್ ಸರ್ವಿಸ್‌ಗೆ ಕೊಡುವ ಮೊದಲು ನಿಮ್ಮ ಡ್ರಮ್ ಕಿಟ್ ಉಳಿಸಿಕೊಳ್ಳಿ

ಹಳೆಯ ಸಿಂತ್ ಮಾಡ್ಯೂಲ್‌ನಲ್ಲಿ (ಕೀಬೋರ್ಡ್ ಇಲ್ಲದ, ಶಬ್ದ ಹೊರಡಿಸುವ ಪೆಟ್ಟಿಗೆ) ಸ್ವಂತ ತಬಲಾ, ಢೋಲಕ್ ಅಥವಾ ಡ್ರಮ್ ಕಿಟ್ ಮಾಡಿ ಇಟ್ಟುಕೊಂಡಿದ್ದೀರಾ? ಅದನ್ನು ಸರ್ವಿಸ್‌ಗೆ ಕೊಡುವ ಯೋಚನೆ ಇದೆಯಾ? ಹಾಗಾದರೆ ದಯವಿಟ್ಟು ಇದನ್ನು ಓದಿ. ನನ್ನ ಕಿಟ್‌ಗಳು ಹೋದವು, ಒಂದೂ ವಾಪಸ್ ಸಿಗಲಿಲ್ಲ.

ಪಿಯಾನೊ ಅಥವಾ ಸ್ಟ್ರಿಂಗ್ಸ್ ಶಬ್ದವನ್ನು ಒಂದು ಸಲ ಎಡಿಟ್ ಮಾಡಿದರೆ ಎಲ್ಲಾ ಕೀಗಳಿಗೂ ಆಯಿತು. ಡ್ರಮ್ ಕಿಟ್ ಹಾಗಲ್ಲ. ಪ್ರತಿ ಕೀಗೂ ಬೇರೆ ಶಬ್ದ, ಬೇರೆ ಪಿಚ್, ಬೇರೆ ಲೆವೆಲ್, ಬೇರೆ ಡಿಕೇ (ನಾದ ಕ್ಷೀಣಿಸುವ ವೇಗ). ಅದನ್ನೆಲ್ಲ ಪುಟ್ಟ ಪರದೆ ನೋಡುತ್ತಾ ಬಟನ್ ಒತ್ತಿ ಒತ್ತಿ ಕೂರಿಸಬೇಕು. ತಬಲಾ ಆದರೆ ಇನ್ನೂ ಕಷ್ಟ. ದಾಯಾ (ಬಲಗೈ ತಬಲಾ) ಗಾಯಕರ ಶ್ರುತಿಗೆ ಕೂರಬೇಕಲ್ವಾ? ಹಾಗಾಗಿ ನಾನು ಕಪ್ಪು ಒಂದಕ್ಕೆ ಒಂದು ಕಿಟ್, ಬಿಳಿ ನಾಲ್ಕಕ್ಕೆ ಇನ್ನೊಂದು ಅಂತ ಬೇರೆ ಬೇರೆ ಮಾಡಿದ್ದೆ. ಬಾಯಾದ (ಎಡಗೈ ತಬಲಾ) ‘ಘೆ’ ಗುಂಯ್ ಎಂದು ಎಳೆಯುತ್ತಿರುವಾಗ ‘ಕೆ’ ಬಿದ್ದರೆ ಆ ನಾದ ತಟ್ಟನೆ ನಿಲ್ಲಬೇಕು. ಅದಕ್ಕೆ ಎರಡನ್ನೂ ಒಂದೇ ಮ್ಯೂಟ್ ಗ್ರೂಪ್‌ಗೆ (ಒಂದು ಬಿದ್ದರೆ ಇನ್ನೊಂದು ನಿಲ್ಲುವ ಗುಂಪು) ಹಾಕಿದ್ದೆ. ಮಿಡಿ ಎಂದರೆ ವಾದ್ಯ, ಕಂಪ್ಯೂಟರ್‌ಗಳು ಪರಸ್ಪರ ಸಂದೇಶ ಕಳಿಸುವ ಪದ್ಧತಿ; ಅದರ ಸಾಮಾನ್ಯ ಶಬ್ದಪಟ್ಟಿಯಾದ ಜನರಲ್ ಮಿಡಿ (ಜಿಎಂ) ಕಿಟ್‌ನಲ್ಲಿ ಮುಚ್ಚಿದ ಹೈ-ಹ್ಯಾಟ್ ಕೀ ಸಂಖ್ಯೆ 42, ಪೆಡಲ್ 44, ತೆರೆದದ್ದು 46 ಒಂದನ್ನೊಂದು ನಿಲ್ಲಿಸುವುದೂ ಇದೇ ರೀತಿ. ಈ ಕೆಲಸ ಮಾಡದಿದ್ದರೆ ಎಷ್ಟು ಒಳ್ಳೆಯ ಸ್ಯಾಂಪಲ್ ಇದ್ದರೂ ತಬಲಾ ಸುಳ್ಳು ಅನ್ನಿಸುತ್ತದೆ.

ಒಂದು ದಿನ ಆನ್ ಮಾಡಿದಾಗ ಪರದೆಯಲ್ಲಿ ಬ್ಯಾಟರಿ ಕಡಿಮೆ ಎಂಬ ಸೂಚನೆ ಬಂತು. ಇಂಥ ಹಳೆಯ ಮಾಡ್ಯೂಲ್‌ಗಳಲ್ಲಿ ಬಹಳಷ್ಟಕ್ಕೆ ಒಳಗೆ ಸಿಆರ್2032 ಥರದ 3 ವೋಲ್ಟ್ ಬಿಲ್ಲೆ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಯೂಸರ್ ಮೆಮೊರಿ ಉಳಿಯುವುದು ಅದರಿಂದಲೇ. ಅದನ್ನು ಕಿತ್ತರೆ ಮೆಮೊರಿ ಖಾಲಿ. ಒಳಗೆ ನನ್ನ ಕಿಟ್‌ಗಳಿವೆ, ಅಳಿಸುವ ಮೊದಲು ಕೇಳಿ ಎಂದು ಹೇಳಿಯೇ ಅಂಗಡಿಗೆ ಕೊಟ್ಟಿದ್ದೆ. ಅವರು ಕೇಳಲಿಲ್ಲ. ಹಳೆಯ ಬ್ಯಾಟರಿ ಕಿತ್ತು, ಹೊಸದನ್ನು ಬೆಸೆದು, ಫ್ಯಾಕ್ಟರಿ ರೀಸೆಟ್ ಮಾಡಿ, ‘ಈಗ ಹೊಸದರ ಥರ ಇದೆ ಸರ್’ ಎಂದು ಕೈಗಿಟ್ಟರು. ಬಿಲ್ ಪೂರ್ತಿ ತೆಗೆದುಕೊಂಡರು. ನನಗೆ ಈಗಲೂ ಸಿಟ್ಟಿದೆ.

ಬ್ಯಾಕಪ್ ಇತ್ತು. ಬಲ್ಕ್ ಡಂಪ್ (ಮಾಡ್ಯೂಲ್ ಮೆಮೊರಿಯ ಪೂರ್ತಿ ನಕಲು) ಕಂಪ್ಯೂಟರ್‌ನಲ್ಲಿ ಭದ್ರವಾಗಿತ್ತು. ಮಾಡ್ಯೂಲ್‌ಗೆ ಕಳಿಸಿದರೆ ಚೆಕ್‌ಸಮ್ ಎರರ್, ಅಂದರೆ ಡೇಟಾ ಸರಿಯಿದೆಯೇ ಎಂದು ನೋಡುವ ಲೆಕ್ಕ ತಾಳೆಯಾಗಲಿಲ್ಲ! ಎಚ್ಚರಿಕೆಯ ಮುಖ್ಯ ಮಾತು ಇದೇ. ಡಂಪ್ ಹಾಳಾಗಿದ್ದು ಅಗ್ಗದ ಯುಎಸ್‌ಬಿ ಮಿಡಿ ಕೇಬಲ್‌ನಿಂದ. ಮಿಡಿ ವೇಗ ಸೆಕೆಂಡಿಗೆ 31,250 ಬಿಟ್, ಅಂದರೆ ಸುಮಾರು 3,125 ಬೈಟ್. ಒಂದು ನೋಟ್‌ಗೆ 3 ಬೈಟ್ ಸಾಕು, ಹಾಗಾಗಿ ನುಡಿಸುವಾಗ ಆ ಕೇಬಲ್‌ನ ದೋಷ ಗೊತ್ತೇ ಆಗುವುದಿಲ್ಲ. ಡಂಪ್ ಬಂದರೆ ಸಾವಿರಾರು ಬೈಟ್ ಬಿಡುವಿಲ್ಲದೆ ಹರಿಯುತ್ತವೆ. ಕೇಬಲ್‌ನ ಬಫರ್ (ಡೇಟಾ ತಾತ್ಕಾಲಿಕವಾಗಿ ಇಡುವ ಜಾಗ) ಚಿಕ್ಕದಿದ್ದರೆ ನಡುವೆ ಕೆಲವು ಸುಮ್ನೆ ಬಿದ್ದುಹೋಗುತ್ತವೆ. ಸಾಫ್ಟ್‌ವೇರ್ ಏನೂ ಹೇಳುವುದಿಲ್ಲ, ಫೈಲ್ ಸೇವ್ ಆಗುತ್ತದೆ. ಆದರೆ ಒಂದೇ ಬೈಟ್ ಹೋಗಿದ್ದರೂ ಆ ಪ್ಯಾಕೆಟ್ಟನ್ನು ಮಾಡ್ಯೂಲ್ ಒಪ್ಪುವುದಿಲ್ಲ.

ಆದ್ದರಿಂದ ಒಳ್ಳೆಯ ಮಿಡಿ ಇಂಟರ್‌ಫೇಸ್‌ನಿಂದ, ವಿಂಡೋಸ್‌ನಲ್ಲಿ ಮಿಡಿ-ಆಕ್ಸ್, ಮ್ಯಾಕ್‌ನಲ್ಲಿ ಸಿಸ್‌ಎಕ್ಸ್ ಲೈಬ್ರೇರಿಯನ್ ಎಂಬ ಸಾಫ್ಟ್‌ವೇರ್ ಬಳಸಿ ಡಂಪ್ ತೆಗೆಯಿರಿ. ಮಾಡ್ಯೂಲ್ ಮುಟ್ಟದೆ ಇನ್ನೊಮ್ಮೆ ತೆಗೆಯಿರಿ. ಎರಡೂ ಫೈಲ್ ಒಂದು ಬೈಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರಬೇಕು. ಆಮೇಲೆ ವಾಪಸ್ ಲೋಡ್ ಮಾಡಿ ಕಿವಿಯಿಂದಲೇ ಕೇಳಿ ನೋಡಿ. ಡಿವೈಸ್ ಐಡಿ (ಮಾಡ್ಯೂಲ್‌ನ ಗುರುತಿನ ಸಂಖ್ಯೆ) ಎಷ್ಟಿತ್ತು ಅಂತಲೂ ಬರೆದಿಡಿ. ರೋಲ್ಯಾಂಡ್‌ನ ಹಲವು ಮಾಡ್ಯೂಲ್‌ಗಳಲ್ಲಿ ಅದು ಮೊದಲಿಗೆ 17 ಇರುತ್ತದೆ. ಐಡಿ ಹೊಂದದಿದ್ದರೆ ಸರಿಯಾದ ಫೈಲನ್ನೂ ಮಾಡ್ಯೂಲ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಜಿಎಸ್ (ರೋಲ್ಯಾಂಡ್‌ನ ಪದ್ಧತಿ), ಎಕ್ಸ್‌ಜಿ (ಯಮಾಹಾದ ಪದ್ಧತಿ) ಮಾಡ್ಯೂಲ್ ಇರುವವರಿಗೆ ಇನ್ನೊಂದು ದಾರಿ ಇದೆ. ನನಗೆ ಈಗ ಅದರ ಮೇಲೇ ನಂಬಿಕೆ ಜಾಸ್ತಿ. ಡ್ರಮ್ ಬದಲಾವಣೆಗಳನ್ನು ಮಾಡ್ಯೂಲ್ ಒಳಗೆ ಇಡುವ ಬದಲು ಹಾಡಿನ ಫೈಲ್‌ನಲ್ಲೇ ಎನ್‌ಆರ್‌ಪಿಎನ್ (ಶಬ್ದದ ಸೆಟ್ಟಿಂಗ್ ಬದಲಿಸುವ ಮಿಡಿ ಸಂದೇಶ) ಆಗಿ ಬರೆಯಿರಿ. ಡ್ರಮ್ ಚಾನೆಲ್ 10ರಲ್ಲಿ ಕಂಟ್ರೋಲರ್ 99ಕ್ಕೆ 26, 98ಕ್ಕೆ ಸ್ನೇರ್‌ನ ಕೀ ಸಂಖ್ಯೆ 38 ಕಳಿಸಿ, ಆಮೇಲೆ ಕಂಟ್ರೋಲರ್ 6ರಲ್ಲಿ ಬೆಲೆ ಕೊಟ್ಟರೆ ಸ್ನೇರ್ ಲೆವೆಲ್ ಬದಲಾಗುತ್ತದೆ. 26ರ ಜಾಗದಲ್ಲಿ 24 ಕೊಟ್ಟರೆ ಪಿಚ್, 28 ಕೊಟ್ಟರೆ ಪ್ಯಾನ್ (ಎಡ-ಬಲ ಸ್ಥಾನ). ಆದರೆ ಇವನ್ನು ಜಿಎಸ್ ರೀಸೆಟ್ (ಎಕ್ಸ್‌ಜಿ ಆದರೆ ಎಕ್ಸ್‌ಜಿ ಸಿಸ್ಟಂ ಆನ್) ಮತ್ತು ಕಿಟ್ ಆಯ್ಕೆಯ ಪ್ರೋಗ್ರಾಂ ಚೇಂಜ್ ಎರಡೂ ಆದಮೇಲೆ, ಸ್ವಲ್ಪ ಸಮಯ ಬಿಟ್ಟು ಹಾಕಿ. ಮೊದಲೇ ಹಾಕಿದರೆ ಎಲ್ಲವೂ ಅಳಿದುಹೋಗುತ್ತದೆ.

ಬ್ಯಾಟರಿ ನಾವೇ ಬದಲಿಸೋಣ, ಮೆಮೊರಿ ಉಳಿಯಲಿ ಎಂದು ಪ್ಲಗ್ ಹಾಕಿಯೇ ಇಟ್ಟು ಮಾಡೋಣ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಪವರ್ ಸಪ್ಲೈ ಒಳಗೇ ಇರುವ ಮಾಡ್ಯೂಲ್ ಆದರೆ ಮುಚ್ಚಳ ತೆಗೆದಾಗ 230 ವೋಲ್ಟ್ ಕೈಗೆ ಸಿಗುವಷ್ಟು ಹತ್ತಿರ ಇರುತ್ತದೆ. ಬಲ್ಲವರ ಹತ್ತಿರವೇ ಮಾಡಿಸಿ, ಆದರೆ ‘ಬ್ಯಾಟರಿ ತೆಗೆಯುವ ಮೊದಲು ಫೋನ್ ಮಾಡಿ, ರೀಸೆಟ್ ಮಾಡಬೇಡಿ’ ಎಂದು ಚೀಟಿ ಬರೆದು ಮಾಡ್ಯೂಲ್ ಮೇಲೆಯೇ ಅಂಟಿಸಿ. ಬಾಯಲ್ಲಿ ಹೇಳಿದ್ದು ಕೌಂಟರ್‌ನಿಂದ ಕೆಲಸದ ಮೇಜಿನವರೆಗೆ ಹೋಗುವುದೇ ಇಲ್ಲ. ಬ್ಯಾಟರಿ ಬೋರ್ಡಿಗೆ ಬೆಸೆದಿದ್ದರೆ ಅದರ ಜಾಗದಲ್ಲಿ ಹೋಲ್ಡರ್ ಹಾಕಿಸಿ, ಮುಂದಿನ ಸಲ ಬೋರ್ಡಿಗೆ ಸೋಲ್ಡರಿಂಗ್ ಐರನ್ ತಾಗಿಸುವ ಕೆಲಸವೇ ಇರುವುದಿಲ್ಲ.