ಕೆಫೆಯ ಮೂಲೆಯಲ್ಲಿ ಒಂಟಿ ಜಾಝ್ ಗಿಟಾರ್: ಟ್ರ್ಯಾಕ್, ಲೂಪರ್, ಬರೀ ಕೈ

ಬೆಂಗಳೂರಿನ ಸಣ್ಣ ಕೆಫೆಗಳಲ್ಲಿ ಜಾಝ್‌ಗೆ ಜಾಗ ಸಿಗುತ್ತದೆ, ಪೂರ್ತಿ ಬ್ಯಾಂಡಿಗೆ ಸಿಗುವುದು ಕಷ್ಟ. ಡ್ರಮ್ಸ್ ಇಡಲು ಮೂಲೆ ಇರುವುದಿಲ್ಲ, ನಾಲ್ಕು ಜನರಿಗೆ ಕೊಡುವಷ್ಟು ದುಡ್ಡೂ ಇರುವುದಿಲ್ಲ. ಹಾಗಾಗಿ ಒಬ್ಬರೇ ಗಿಟಾರ್ ಹಿಡಿದು ಕೂರಬೇಕು. ಜನ ಊಟ ಮಾಡುತ್ತಾ ಮಾತಾಡುತ್ತಿರುತ್ತಾರೆ, ನಮ್ಮ ಸಂಗೀತ ಆ ಮಾತಿನ ಹಿಂದೆ ಇರಬೇಕು. ಇದಕ್ಕೆ ಮೂರು ದಾರಿಗಳನ್ನು ನುಡಿಸಿ ನೋಡಿದ್ದೇನೆ: ಬ್ಯಾಕಿಂಗ್ ಟ್ರ್ಯಾಕ್ (ಹಿಂದೆ ತಾನಾಗಿ ನುಡಿಯುವ ವಾದ್ಯಗಳ ಸದ್ದು), ಲೂಪರ್ (ನಾವು ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುವ ಪೆಡಲ್), ಮತ್ತೆ ಏನೂ ಇಲ್ಲದ ಕಾರ್ಡ್ ಮೆಲಡಿ, ಅಂದರೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮತ್ತು ರಾಗ ಎರಡನ್ನೂ ಒಂದೇ ಗಿಟಾರ್‌ನಲ್ಲಿ ನುಡಿಸುವುದು.

ಟ್ರ್ಯಾಕ್‌ಗೆ ಬಳಸಿದ್ದು ಐರಿಯಲ್ ಪ್ರೋ (iReal Pro) ಆ್ಯಪ್. ಹಾಡಿನ ಕಾರ್ಡ್‌ಗಳನ್ನು ನೋಡಿಕೊಂಡು ಅದು ತಾನೇ ಬೇಸ್, ಡ್ರಮ್ಸ್, ಪಿಯಾನೋ ನುಡಿಸುತ್ತದೆ. ಪಿಯಾನೋ ತೆಗೆದುಹಾಕಬಹುದು, ಶ್ರುತಿ ಮತ್ತು ವೇಗ ಬದಲಿಸಬಹುದು. ಮನೆಯ ಅಭ್ಯಾಸಕ್ಕೆ ತುಂಬಾ ಒಳ್ಳೆಯದು. ಕೆಫೆಯಲ್ಲಿ ಮಾತ್ರ ನನಗೆ ಒಗ್ಗಲಿಲ್ಲ. ಗಿಟಾರ್ ಆಂಪ್‌ನಲ್ಲಿ ಬೇಸ್ ಮಂಕಾಗುತ್ತದೆ, ಡ್ರಮ್ಸ್‌ನ ಸಿಂಬಲ್ ತಟ್ಟೆಯ ಸದ್ದು ಕೇಳಿಸುವುದೇ ಇಲ್ಲ. ಅದಕ್ಕೆಂದೇ ಇನ್ನೊಂದು ಸ್ಪೀಕರ್ ಹೊತ್ತೊಯ್ಯಬೇಕು. ಡ್ರಮ್ಸ್ ಶುರುವಾದ ಕೂಡಲೇ ಜನ ದನಿ ಏರಿಸುತ್ತಾರೆ, ನಾವು ವಾಲ್ಯೂಮ್ ಏರಿಸುತ್ತೇವೆ. ವಸತಿ ಪ್ರದೇಶಕ್ಕೆ ಕಾನೂನಿನ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಜಯನಗರದಂಥ ಕಡೆ ಕೆಫೆಯ ಗೋಡೆ ದಾಟಿದರೆ ಯಾರದೋ ಮನೆ, ಮತ್ತು ಗೋಡೆಯನ್ನು ಸುಲಭವಾಗಿ ದಾಟುವುದು ಬೇಸ್ ಸದ್ದೇ. ಗದ್ದಲ ಜಾಸ್ತಿ ಇರುವ ದೊಡ್ಡ ಪಬ್ ಆದರೆ ಟ್ರ್ಯಾಕ್ ಪರವಾಗಿಲ್ಲ. ಅಲ್ಲಿ ಒಂಟಿ ಗಿಟಾರ್ ಕೇಳಿಸುವುದೇ ಇಲ್ಲ.

ಲೂಪರ್ ಇದಕ್ಕಿಂತ ಎಷ್ಟೋ ಮೇಲು, ಯಾಕೆಂದರೆ ಕೇಳುವುದೆಲ್ಲ ನಮ್ಮ ಕೈಯದೇ. ಒಂದು ಸುತ್ತು ಕಾರ್ಡ್ ನುಡಿಸಿ ಪೆಡಲ್ ಒತ್ತಿದರೆ ಅದು ತಿರುಗುತ್ತಿರುತ್ತದೆ, ಮೇಲೆ ನಿರಾಳವಾಗಿ ಸೋಲೋ ನುಡಿಸಬಹುದು. ತೊಡಕು ಇರುವುದು ಹಾಡಿನ ಉದ್ದದಲ್ಲಿ. ಜಾಝ್‌ನ ಹಳೆಯ ಹಾಡುಗಳಲ್ಲಿ ಹೆಚ್ಚಿನವು 32 ಬಾರ್ (ಒಂದು ಬಾರ್ ಅಂದರೆ ಸಾಮಾನ್ಯವಾಗಿ ನಾಲ್ಕು ಬೀಟ್). ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಒಂದು ಸುತ್ತಿಗೆ 64 ಸೆಕೆಂಡು. ಅಷ್ಟು ಹೊತ್ತು ಬರೀ ಕಾರ್ಡ್. ಕಛೇರಿಯಾದರೆ ಜನ ಚಡಪಡಿಸುತ್ತಾರೆ. ಊಟದ ಜಾಗದಲ್ಲಿ ಯಾರಿಗೂ ಬೇಸರವಿಲ್ಲ, ಕಿವಿಗೊಂದು ಬಿಡುವು ಸಿಕ್ಕಂತೆಯೇ ಆಗುತ್ತದೆ. 12 ಬಾರ್ ಬ್ಲೂಸ್ ಆದರೆ ಇದೇ ವೇಗದಲ್ಲಿ 24 ಸೆಕೆಂಡಿಗೇ ಲೂಪ್ ಸಿದ್ಧ. ಲೂಪರ್‌ಗೆ ಹೇಳಿ ಮಾಡಿಸಿದ್ದು ಬ್ಲೂಸೇ.

ಆದರೆ ಲೂಪ್‌ಗೆ ಕಿವಿಯಿಲ್ಲ. ಪಕ್ಕದ ಟೇಬಲ್ ಖಾಲಿಯಾಗಿ ಕೋಣೆ ಮೌನವಾದರೂ ಅದು ಮೊದಲಿನಷ್ಟೇ ಜೋರಾಗಿ ತಿರುಗುತ್ತದೆ. ಲೂಪರ್ ಆದಮೇಲೆ ಒಂದು ವಾಲ್ಯೂಮ್ ಪೆಡಲ್ ಹಾಕಿಕೊಂಡರೆ ಲೂಪ್ ಮತ್ತು ಗಿಟಾರ್ ಎರಡನ್ನೂ ಒಟ್ಟಿಗೆ ತಗ್ಗಿಸಬಹುದು. ಇದನ್ನಂತೂ ಲೂಪರ್ ಇಟ್ಟುಕೊಂಡವರೆಲ್ಲ ಮಾಡಲೇಬೇಕು.

ಕೊನೆಗೆ ನನ್ನ ಮನಸ್ಸು ನಿಂತದ್ದು ಕಾರ್ಡ್ ಮೆಲಡಿಯಲ್ಲಿ. ಬೇಸ್, ಕಾರ್ಡ್, ರಾಗ ಮೂರನ್ನೂ ಆರು ತಂತಿಯಲ್ಲೇ ಹೊಂದಿಸುವುದು. ಜಾಝ್ ಗಿಟಾರ್ ವಾದಕ ಜೋ ಪಾಸ್ ಹೀಗೆ ಒಬ್ಬರೇ ಕೂತು ಇಡೀ ಆಲ್ಬಮ್‌ಗಳನ್ನು ನುಡಿಸಿದವರು. ಅವರನ್ನು ಕೇಳಿ ಅನೇಕರು ಹೆದರಿ ಬಿಡುತ್ತಾರೆ. ಹಿನ್ನೆಲೆ ಸಂಗೀತಕ್ಕೆ ಅಷ್ಟು ಸ್ವರ ಬೇಡವೇ ಬೇಡ. ಕೆಳಗೊಂದು ಬೇಸ್ ಸ್ವರ, ನಡುವೆ ಕಾರ್ಡ್‌ನ ಮೂಲ ಸ್ವರದಿಂದ ಎಣಿಸಿದ ಮೂರನೆಯ ಮತ್ತು ಏಳನೆಯ ಸ್ವರ, ಮೇಲೆ ರಾಗ. ಇಷ್ಟರಲ್ಲೇ ಹಾಡು ಪೂರ್ತಿ ಕೇಳಿಸುತ್ತದೆ. ಸೋಲೋದಲ್ಲಿ ಕೆಳಗೆ ಖಾಲಿ ಅನ್ನಿಸಿದರೆ ಎರಡು ಬಾರ್ ರಾಗ ನುಡಿಸಿ, ಉಸಿರು ಬಿಡುವ ಜಾಗದಲ್ಲಿ ಒಂದು ಕಾರ್ಡ್ ಇಡಿ. ಕಿವಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ.

ಪ್ಲೆಕ್ಟ್ರಮ್ (ತಂತಿ ಮೀಟುವ ಸಣ್ಣ ಬಿಲ್ಲೆ) ಬದಿಗಿಟ್ಟು ಹೆಬ್ಬೆರಳಲ್ಲಿ ನುಡಿಸಿದರೆ ಸಣ್ಣ ಕೋಣೆಗೆ ಇನ್ನೂ ಚೆನ್ನ. ಜಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೊಮೆರಿಯ ಆ ಮೆತ್ತನೆಯ ನಾದ ಹೆಬ್ಬೆರಳಿನದೇ ಅಲ್ವಾ! ಫ್ಲಾಟ್‌ವೌಂಡ್ (ಮೇಲ್ಮೈ ನುಣುಪಾಗಿರುವ) ತಂತಿ ಹಾಕಿದರೆ ಬೆರಳು ಜಾರುವಾಗಿನ ಕಿರ್ ಸದ್ದೂ ಕಡಿಮೆಯಾಗುತ್ತದೆ.

ಬರೀ ಕೈಯಲ್ಲಿ ನುಡಿಸುವಾಗ ಕಾಫಿ ಮೆಷಿನ್ ಕಿರುಚಿದರೆ ಒಂದು ಕ್ಷಣ ತಡೆದು ಮುಂದುವರಿಯಬಹುದು. ಯಾವುದೋ ಟೇಬಲ್‌ಗೆ ಕೇಕ್ ಬಂದರೆ ಅಲ್ಲಿಂದಲೇ ಹುಟ್ಟುಹಬ್ಬದ ಹಾಡಿಗೆ ತಿರುಗಬಹುದು. ಹಿರಿಯರೊಬ್ಬರು ಹಳೆಯ ಕನ್ನಡ ಸಿನಿಮಾ ಹಾಡು ಕೇಳಿದರೆ, ರಾಗ ಗೊತ್ತಿದ್ದರೆ ಸಾಕು. ಟ್ರ್ಯಾಕ್ ಆದರೆ ಆ್ಯಪ್‌ನಲ್ಲಿ ಅದರ ಕಾರ್ಡ್‌ಗಳನ್ನು ನಾವೇ ಮೊದಲೇ ತುಂಬಿಟ್ಟಿರಬೇಕು. ಹಿನ್ನೆಲೆ ಸಂಗೀತ ಅಂದರೆ ಸುಮ್ನೆ ಮೆತ್ತಗೆ ನುಡಿಸುವುದಲ್ಲ, ಕೋಣೆಯನ್ನು ಕೇಳಿಸಿಕೊಳ್ಳುತ್ತಾ ನುಡಿಸುವುದು. ಅದು ಸಾಧ್ಯವಾಗುವುದು ಕಾರ್ಡ್ ಮೆಲಡಿಯಲ್ಲಿ ಮಾತ್ರ.

ಬೆಲೆಯೂ ಇದೆ. ಪ್ರತಿ ಹಾಡನ್ನೂ ಕೈಗೆ ಹೊಂದಿಸಿ ಬಾಯಿಪಾಠ ಮಾಡಬೇಕು, ಅದು ತಿಂಗಳುಗಟ್ಟಲೆ ಕೆಲಸ. ಎಡಗೈ ಬೇಗ ಸೋಲುತ್ತದೆ. ಅದಕ್ಕೇ ನಾನು ಈಗಲೂ ಲೂಪರ್ ಒಯ್ಯುತ್ತೇನೆ. ಮೊದಲೆರಡು ಸೆಟ್ ಬರೀ ಕೈ, ಕೊನೆಯ ಸೆಟ್‌ನಲ್ಲಿ ಬ್ಲೂಸ್‌ಗೆ ಮಾತ್ರ ಪೆಡಲ್. ಹೊಸದಾಗಿ ಶುರು ಮಾಡುವವರು ಹತ್ತು ಹಾಡು ಕಾರ್ಡ್ ಮೆಲಡಿಯಲ್ಲಿ ಗಟ್ಟಿ ಮಾಡಿಕೊಳ್ಳಿ, ಪೆಡಲ್ ಕೊಳ್ಳುವುದು ಆಮೇಲೆ.