ವಿಡಿಯೊ, ಟ್ರ್ಯಾಕ್ ಸ್ಕೂಲ್, ಮೈದಾನದ ಕೋರ್ಸ್: ಬೈಕ್ ಓಡಿಸೋದು ಎಲ್ಲಿ ಕಲಿಯಬೇಕು?

ಮೊದಲೇ ಹೇಳಿಬಿಡುತ್ತೇನೆ, ವಿಡಿಯೊ, ರೇಸ್ ಟ್ರ್ಯಾಕ್ ಮೇಲೆ ಕಲಿಸುವ ಟ್ರ್ಯಾಕ್ ಸ್ಕೂಲ್, ಮೈದಾನದ ಕೋರ್ಸ್, ಮೂರನ್ನೂ ಮಾಡಿ ನೋಡಿದ ಮೇಲೆ ನನಗೆ ಇಷ್ಟವಾದದ್ದು ಖಾಲಿ ಮೈದಾನದಲ್ಲಿ ಕೋನ್ ಇಟ್ಟು ಹೇಳಿಕೊಡುವ ಕೋರ್ಸ್. ಒಂದಕ್ಕೆ ಮಾತ್ರ ದುಡ್ಡಿದೆ ಅಂದರೆ ಅದಕ್ಕೇ ಹಾಕಿ.

ವಿಡಿಯೊಗೆ ಖರ್ಚಿಲ್ಲ, ವಿಷಯ ಅರ್ಥವಾಗೋಕೆ ತುಂಬಾ ಒಳ್ಳೆಯದು. ವೇಗದಲ್ಲಿದ್ದಾಗ ಬಲಕ್ಕೆ ತಿರುಗಬೇಕಾದರೆ ಹ್ಯಾಂಡಲ್‌ನ ಬಲಗಡೆಯನ್ನೇ ಮುಂದಕ್ಕೆ ಒತ್ತಬೇಕು ಅನ್ನೋದು ನನಗೆ ಗೊತ್ತಾಗಿದ್ದೇ ವಿಡಿಯೊದಿಂದ.

ಆದರೆ ನಾವು ಹೇಗೆ ಓಡಿಸುತ್ತಿದ್ದೇವೆ ಅಂತ ಅಲ್ಲಿ ನೋಡುವವರು ಯಾರೂ ಇಲ್ಲ. ಬ್ರೇಕನ್ನೇ ತಗೊಳ್ಳಿ. ಬ್ರೇಕ್ ಹಿಡಿದ ಕೂಡಲೇ ಗಾಡಿಯ ಭಾರ ಮುಂದಕ್ಕೆ ಬರುತ್ತದೆ, ಹಾಗಾಗಿ ಗಾಡಿ ನಿಲ್ಲಿಸುವ ಕೆಲಸ ಜಾಸ್ತಿ ಮುಂದಿನ ಬ್ರೇಕಿನದೇ. ಇದು ಎಲ್ಲರಿಗೂ ಗೊತ್ತು. ಆದರೂ ಗಾಬರಿಯಾದಾಗ ಕಾಲು ಹಿಂದಿನ ಬ್ರೇಕನ್ನೇ ತುಳಿಯುತ್ತದೆ, ಚಕ್ರ ಲಾಕ್ ಆಗಿ ಜಾರುತ್ತದೆ. ಮುಂದಿನ ಲಿವರನ್ನು ಮೊದಲು ಮೆಲ್ಲಗೆ ಹಿಡಿದು, ಭಾರ ಮುಂದಿನ ಟೈರಿನ ಮೇಲೆ ಕೂತ ಮೇಲೆ ಜೋರಾಗಿ ಅದುಮಬೇಕು. ಎರಡರ ನಡುವೆ ಇರೋದು ಕ್ಷಣದಷ್ಟು ಹೊತ್ತು, ಅದು ಬೆರಳಿಗೆ ಬರಬೇಕು. ಎಬಿಎಸ್ ಇದ್ದರೆ ಚಕ್ರ ಲಾಕ್ ಆಗೋದು ತಪ್ಪುತ್ತದೆ, ನಿಜ, ಆದರೆ ಜೋರಾಗಿ ಹಿಡಿಯುವ ಧೈರ್ಯ ಅದರಿಂದ ಬರೋದಿಲ್ಲ.

1981ರಲ್ಲಿ ಅಮೆರಿಕದಲ್ಲಿ ಹರ್ಟ್ ವರದಿ ಅಂತ ಒಂದು ಬಂತು. ಲಾಸ್ ಏಂಜಲೀಸ್ ಕಡೆಯ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ನೋಡಿದ್ದರು. ಅಲ್ಲೂ ಇದೇ ಕಥೆ: ಹಿಂದಿನ ಬ್ರೇಕ್ ಅತಿಯಾಯಿತು, ಮುಂದಿನದು ಸಾಲದಾಯಿತು. ಆ ಸವಾರರಲ್ಲಿ ಬಹುಪಾಲು ಜನ ತಾವೇ ಕಲಿತವರು, ಇಲ್ಲವೇ ಮನೆಯವರು, ಗೆಳೆಯರಿಂದ ಕಲಿತವರು.

ಕೋರ್ಸಿನಲ್ಲಿ ಟ್ರೈನರ್ ಪಕ್ಕದಲ್ಲೇ ನಿಂತು ಬೆರಳು, ಕಾಲು, ಕಣ್ಣು ಎಲ್ಲವನ್ನೂ ಗಮನಿಸುತ್ತಾರೆ. "ಕೋನ್ ನೋಡಬೇಡಿ, ಹೋಗಬೇಕಾದ ಕಡೆ ನೋಡಿ" ಅಂತ ಅವರು ಕೂಗಿದ ಕೂಡಲೇ ಗಾಡಿ ಆ ಕಡೆಗೇ ತಿರುಗುತ್ತದೆ! ಗಂಟೆಗೆ 20 ಕಿ.ಮೀ. ವೇಗದಿಂದ ಬ್ರೇಕ್ ಹಿಡಿಸಿ, ನಿಂತ ಜಾಗದಲ್ಲಿ ಒಂದು ಕೋನ್ ಇಟ್ಟರು. ಆಮೇಲೆ 40ರಿಂದ. ವೇಗ ಎರಡು ಪಟ್ಟಾದರೆ ಬ್ರೇಕಿಂಗ್ ದೂರ ನಾಲ್ಕು ಪಟ್ಟಾಗುತ್ತದೆ ಅಂತ ಓದೋದು ಬೇರೆ, ಎರಡನೇ ಕೋನ್ ಅಷ್ಟು ದೂರದಲ್ಲಿ ನಿಂತಿರೋದನ್ನು ನೋಡೋದೇ ಬೇರೆ. ಅವತ್ತಿನಿಂದ ಮುಂದಿನ ಗಾಡಿಗೆ ನಾನು ಬಿಡುವ ಅಂತರ ಜಾಸ್ತಿಯಾಗಿದೆ.

ಯು ಟರ್ನ್‌ಗೆ ಹಾಫ್ ಕ್ಲಚ್, ಅಂದರೆ ಕ್ಲಚ್ ಪೂರ್ತಿ ಬಿಡದೆ ಅರ್ಧ ಹಿಡಿದಿರೋದು, ಜೊತೆಗೆ ಹಿಂದಿನ ಬ್ರೇಕ್ ಸ್ವಲ್ಪ. ಇದನ್ನೂ ಕೋರ್ಸಿನಲ್ಲೇ ಕಲಿತೆ. ಅದೊಂದಕ್ಕೇ ಕೊಟ್ಟ ದುಡ್ಡು ಬಂದ ಹಾಗೆ.

ಟ್ರ್ಯಾಕ್ ಸ್ಕೂಲ್ ಖುಷಿ ಕೊಡುತ್ತದೆ, ಎದುರಿಂದ ಗಾಡಿ ಬರುವ ಭಯ ಇಲ್ಲ, ಟರ್ನಿಂಗ್‌ನಲ್ಲಿ ಗಾಡಿ ಎಷ್ಟು ವಾಲುತ್ತದೆ ಅಂತ ಅಲ್ಲೇ ಗೊತ್ತಾಗೋದು. ಆದರೆ ಲೆದರ್ ಸೂಟ್ ಬೇಕು, ಟೈರ್ ಬೇಗ ಸವೆಯುತ್ತದೆ, ಫೀಸೂ ಜಾಸ್ತಿ. ನಾನು ದಿನಾ ಟ್ರಾಫಿಕ್‌ನಲ್ಲಿ ಕೆಲಸಕ್ಕೆ ಹೋಗಿ ಬರುವವನು, ಮೊಣಕಾಲು ನೆಲಕ್ಕೆ ತಾಗಿಸೋದು ನನಗೆ ಬೇಕಿಲ್ಲ.

ಕೋರ್ಸಿಗೆ ಸೇರುವ ಮೊದಲು ಸ್ವಂತ ಬೈಕ್ ತರಬಹುದಾ ಅಂತ ಕೇಳಿಕೊಳ್ಳಿ. ಬೇರೆ ಗಾಡಿಯಲ್ಲಿ ಕಲಿತರೆ ಕ್ಲಚ್ ಎಲ್ಲಿ ಹಿಡಿಯುತ್ತದೆ, ಬ್ರೇಕ್ ಎಷ್ಟು ಅದುಮಬೇಕು ಅನ್ನೋದನ್ನು ನಮ್ಮ ಗಾಡಿಯಲ್ಲಿ ಮತ್ತೆ ರೂಢಿ ಮಾಡಿಕೊಳ್ಳಬೇಕಾಗುತ್ತದೆ.