ನೃತ್ಯ ಕಾರ್ಯಕ್ರಮದ ಫೋಟೋ-ವಿಡಿಯೋ: ಕೆಲಸ ತುಂಬ ಚೆನ್ನಾಗಿದೆ, ಆದರೆ ಕೇಳದೆ ರೀಲ್ಸ್ ಹಾಕಿದ್ದಕ್ಕೆ ಎರಡು ಸ್ಟಾರ್ ಕಡಿಮೆ

ನಮ್ಮ ಭರತನಾಟ್ಯ ಶಾಲೆಯ ವಾರ್ಷಿಕೋತ್ಸವಕ್ಕೆ ಫೋಟೋ, ವಿಡಿಯೋ ಎರಡಕ್ಕೂ ಈ ಸ್ಟುಡಿಯೋದವರನ್ನೇ ಗೊತ್ತು ಮಾಡಿದ್ದೆವು. ಕಾರ್ಯಕ್ರಮದ ಓಡಾಟ ನೋಡಿಕೊಂಡವಳು ನಾನು. ದೊಡ್ಡವರ ಬ್ಯಾಚಿನಲ್ಲಿ ನಾನೂ ಕಲಿಯುತ್ತಿದ್ದೇನೆ, ಅವತ್ತು ಕುಣಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ದುಡ್ಡು ಕೊಟ್ಟವರ ಮಾತು, ಕ್ಯಾಮೆರಾ ಮುಂದೆ ನಿಂತವರ ಮಾತು, ಎರಡನ್ನೂ ಹೇಳಬಲ್ಲೆ. ನೃತ್ಯ ಶಾಲೆ ನಡೆಸುವವರು, ಮಕ್ಕಳನ್ನು ಕ್ಲಾಸಿಗೆ ಕಳಿಸುವ ಅಪ್ಪ ಅಮ್ಮಂದಿರು ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದಿ, ಉದ್ದ ಆಗಿದೆ.

ಮೊದಲು ಕೆಲಸದ ವಿಷಯ. ನೃತ್ಯ ತೆಗೆಯೋದು ಮದುವೆ ತೆಗೆದ ಹಾಗಲ್ಲ, ಅದು ಇವರಿಗೆ ಗೊತ್ತು. ಮೂರು ಕ್ಯಾಮೆರಾ ಇಟ್ಟಿದ್ದರು. ನಡುವಿನದು ಪೂರ್ತಿ ವೇದಿಕೆ ಹಿಡಿಯುತ್ತಿತ್ತು, ಕೊನೆವರೆಗೂ ಅಲುಗಲಿಲ್ಲ. ಇದು ಬಹಳ ಮುಖ್ಯ. ಎಷ್ಟೋ ಜನ ಮುಖಕ್ಕೆ ಝೂಮ್ ಮಾಡುತ್ತಾ ಕಾಲನ್ನೇ ಕತ್ತರಿಸಿ ಬಿಡುತ್ತಾರೆ. ಅರಮಂಡಿ (ಮಂಡಿ ಬಗ್ಗಿಸಿ ಅರ್ಧ ಕೂತ ನಿಲುವು) ಕಾಣದ, ಅಡವು (ಮೂಲ ಹೆಜ್ಜೆಗಳು) ಕಾಣದ ವಿಡಿಯೋ ಇಟ್ಟುಕೊಂಡು ನಾವೇನು ಮಾಡೋಣ? ಮನೆಯಲ್ಲಿ ಕೂತು ನಮ್ಮ ತಪ್ಪು ನಾವೇ ನೋಡಿ ತಿದ್ದಿಕೊಳ್ಳಬೇಕು ಅಂದರೆ ಪಾದ ಕಾಣಲೇಬೇಕು. ಇವರ ವಿಡಿಯೋದಲ್ಲಿ ಕಂಡಿತು. ಆಡಿಯೋ ನೇರ ಮಿಕ್ಸರ್‌ನಿಂದ ತೆಗೆದುಕೊಂಡಿದ್ದರಿಂದ ಗುರುಗಳ ನಟುವಾಂಗದ (ತಾಳ ಹಾಕಿ ನೃತ್ಯ ನಡೆಸುವುದು) ತಾಳ, ಜತಿ (ಬಾಯಲ್ಲಿ ಹೇಳುವ ತಾಳದ ಸೊಲ್ಲುಗಳು) ಎಲ್ಲ ಸ್ಪಷ್ಟ. ಗೆಜ್ಜೆ ಸದ್ದಿಗೆ ವೇದಿಕೆಯ ಅಂಚಿನಲ್ಲಿ ಬೇರೆ ಮೈಕ್ ಇಟ್ಟಿದ್ದರು. ಕೊನೆಗೆ ಮಾಡುವ ಚುರುಕಾದ ನೃತ್ಯ ತಿಲ್ಲಾನ, ಅದರ ಕೊನೆಯ ತೀರ್ಮಾನದಲ್ಲಿ (ಮುಕ್ತಾಯದ ಹೆಜ್ಜೆಗಳಲ್ಲಿ) ಗೆಜ್ಜೆಯೂ ಮೃದಂಗವೂ ಒಟ್ಟಿಗೆ ಕೂತದ್ದು ಕೇಳಿ ಗುರುಗಳೇ ಖುಷಿಯಾದರು. ಫೋಟೋಗಳೂ ಅಷ್ಟೇ, ಕೈ ಚಲನೆಯ ಮಧ್ಯದಲ್ಲಿ ಕ್ಲಿಕ್ಕಿಸಿದ್ದಲ್ಲ, ಮುದ್ರೆ ಪೂರ್ತಿಯಾಗಿ ನಿಂತ ಗಳಿಗೆಯಲ್ಲಿ ತೆಗೆದದ್ದು. ಪೆನ್‌ಡ್ರೈವ್ ಹೇಳಿದ ದಿನಕ್ಕೆ ಬಂತು, ರೇಟಿನಲ್ಲಿ ಕಿರಿಕಿರಿ ಇಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ಐದು ಸ್ಟಾರ್ ಕೊಟ್ಟು ಸುಮ್ಮನಿರುತ್ತಿದ್ದೆ.

ಪೆನ್‌ಡ್ರೈವ್ ನಮ್ಮ ಕೈಗೆ ಬರುವ ಮೊದಲೇ ಇವರ ಪೇಜಿನಲ್ಲಿ ನಮ್ಮ ಕಾರ್ಯಕ್ರಮದ ರೀಲ್ಸ್ ಬಂದಿತ್ತು. ಯಾರನ್ನೂ ಕೇಳಿರಲಿಲ್ಲ, ಗುರುಗಳನ್ನೂ ಕೂಡ. ಶಾಲೆಯ ಹೆಸರು, ಬಡಾವಣೆಯ ಹೆಸರು ಎರಡನ್ನೂ ಟ್ಯಾಗ್ ಮಾಡಿದ್ದರು. ಒಂದರಲ್ಲಿ ಚಿಕ್ಕ ಮಕ್ಕಳ ಅಲರಿಪು, ಅಂದರೆ ಶುರುವಿಗೆ ಮಾಡುವ ಚಿಕ್ಕ ನೃತ್ಯ. ಎರಡನೇ ಸಾಲಿನ ಒಬ್ಬ ಹುಡುಗಿ ಒಂದು ಕಡೆ ಅಡವು ಮರೆತು ಪಕ್ಕದವಳ ಕಾಲು ನೋಡುತ್ತಾಳೆ, ಮತ್ತೆ ಹಿಡಿದುಕೊಳ್ಳುತ್ತಾಳೆ. ಸಭಾಂಗಣದಲ್ಲಿ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಇವರು ಆ ಎರಡು ಸೆಕೆಂಡನ್ನು ಹಿಗ್ಗಿಸಿ, ಸ್ಲೋ ಮೋಷನ್ ಮಾಡಿ, ಮೂಲ ಸಂಗೀತ ತೆಗೆದು ಕಾಮಿಡಿ ಟ್ರ್ಯಾಕ್ ಹಾಕಿ, ಕೆಳಗೆ ನಗುವ ಇಮೋಜಿ ಸಾಲಾಗಿ ಇಟ್ಟಿದ್ದರು. ಮುದ್ದಾಗಿದೆ ಅಂತ ಹಾಕಿದ್ದಂತೆ. ಆ ಮಗು ಅದನ್ನು ಶಾಲೆಯಲ್ಲಿ ಸಹಪಾಠಿಗಳ ಫೋನಿನಲ್ಲಿ ನೋಡಿದಳು.

ಇನ್ನೊಂದು ಗ್ರೀನ್ ರೂಮಿನದು. ತಲೆಸಾಮಾನು ಕಟ್ಟಿಕೊಳ್ಳುವುದು, ಕೈಗೆ ಕೆಂಪು ಹಚ್ಚಿಕೊಳ್ಳುವುದು, ಒಬ್ಬರಿಗೊಬ್ಬರು ಸೊಂಟದ ಹತ್ತಿರ ಪಿನ್ನು ಹಾಕಿಕೊಳ್ಳುವುದು. ‘ಬಿಹೈಂಡ್ ದ ಸೀನ್ಸ್’ ಅಂತ ಶೀರ್ಷಿಕೆ. ಅದರಲ್ಲಿ ನಮ್ಮ ದೊಡ್ಡವರ ಬ್ಯಾಚಿನ ಗೆಳತಿಯೊಬ್ಬಳ ಮುಖ ಚೆನ್ನಾಗಿ ಕಾಣುತ್ತಿತ್ತು. ಅವಳು ಕ್ಲಾಸಿಗೆ ಬರುವುದು ಮನೆಯಲ್ಲಿ ಗೊತ್ತು, ಆಫೀಸಿನಲ್ಲಿ ಗೊತ್ತಿರಲಿಲ್ಲ, ಗೊತ್ತಾಗುವುದು ಅವಳಿಗೆ ಬೇಕೂ ಇರಲಿಲ್ಲ. ಅದು ಅವಳ ಇಷ್ಟ. ರೀಲ್ ಆಫೀಸಿನ ವಾಟ್ಸಾಪ್ ಗುಂಪಿಗೆ ಬಂತು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಅನ್ನೋ ಥರದ ಮಾತುಗಳು ಬಂದವು. ಕೆಲವು ವಾರ ಅವಳು ಕ್ಲಾಸಿನ ಕಡೆ ತಲೆ ಹಾಕಲಿಲ್ಲ. ನಲವತ್ತು ದಾಟಿದ ಮೇಲೆ ಧೈರ್ಯ ಮಾಡಿ ಗೆಜ್ಜೆ ಕಟ್ಟಿದವಳು ಅವಳು. ಅವಳ ಖುಷಿಯನ್ನು ಹಾಳು ಮಾಡುವ ಹಕ್ಕು ಯಾರಿಗೂ ಇಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೇ.

ಮಾಲೀಕರಿಗೆ ಫೋನ್ ಮಾಡಿದೆ. ಒರಟು ಮನುಷ್ಯರಲ್ಲ, ಚೆನ್ನಾಗಿಯೇ ಮಾತಾಡಿದರು. ‘ಸ್ಟೇಜ್ ಹತ್ತಿದ ಮೇಲೆ ಎಲ್ಲರೂ ನೋಡೋದೇ ಅಲ್ವಾ ಮೇಡಂ?’ ಅಂದರು. ಜೊತೆಗೆ, ತೆಗೆದವರು ನಾವು, ನಮ್ಮ ಕೆಲಸ ನಾಲ್ಕು ಜನಕ್ಕೆ ತೋರಿಸಬಾರದಾ ಅಂತಲೂ ಕೇಳಿದರು. ಈ ಎರಡು ಮಾತನ್ನು ಎಲ್ಲ ಫೋಟೋಗ್ರಾಫರ್‌ಗಳೂ ಹೇಳುತ್ತಾರೆ. ಎಷ್ಟೋ ಅಪ್ಪ ಅಮ್ಮಂದಿರೂ ಹೌದಲ್ವಾ ಅಂತ ತಲೆಯಾಡಿಸುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಸಭಾಂಗಣಕ್ಕೆ ಬಂದವರು ನಾವು ಕರೆದವರು. ಅಜ್ಜಿ, ಅತ್ತೆ, ಪಕ್ಕದ ಮನೆಯವರು, ಬೇರೆ ಶಾಲೆಯ ಗುರುಗಳು. ತಪ್ಪು ಮಾಡಿದರೂ ಚಪ್ಪಾಳೆ ತಟ್ಟುವವರು. ಒಂದು ಸಂಜೆ ನೋಡಿದರು, ಊಟ ಮಾಡಿ ಹೋದರು. ನೆಟ್‌ನಲ್ಲಿ ಹಾಕಿದ್ದು ಹಾಗಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಕತ್ತರಿಸಬಹುದು, ಮುಖ ಬದಲಿಸಬಹುದು, ಹತ್ತು ವರ್ಷದ ನಂತರ ಮತ್ತೆ ಹಾಕಬಹುದು. ಆ ಸಂಜೆಗೆ ಒಪ್ಪಿ ವೇದಿಕೆ ಹತ್ತಿದವರು ಇದಕ್ಕೆಲ್ಲ ಒಪ್ಪಿದ್ದಾರೆ ಅಂತ ಹೇಗೆ ಹೇಳುತ್ತೀರಿ?

ಇನ್ನು ಕಾನೂನು. ನಮ್ಮ ಶಾಲೆಯ ಮಗುವೊಂದರ ತಂದೆ ವಕೀಲರು, ಅವರು ಹೇಳಿದ ಮೇಲೆ ನಾನೂ ಕೂತು ಓದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ಮಾಡಿ ಪ್ರದರ್ಶಕರ ಹಕ್ಕು ಅಂತ ಸೇರಿಸಿದ್ದಾರೆ. ಪ್ರದರ್ಶಕರು ಅಂದರೆ ಯಾರು ಅನ್ನೋ ಪಟ್ಟಿಯಲ್ಲಿ ನಟ, ಗಾಯಕ, ವಾದ್ಯಗಾರರ ಜೊತೆ ನೃತ್ಯ ಮಾಡುವವರೂ ಇದ್ದಾರೆ, ಜಾದೂಗಾರ, ಹಾವಾಡಿಗ ಕೂಡ ಇದ್ದಾರೆ. ದುಡ್ಡಿಗೆ ಕುಣಿಯುವವರು ಮಾತ್ರ ಅಂತ ಎಲ್ಲೂ ಇಲ್ಲ. ಅಂದರೆ ಅಲರಿಪು ಕಲಿತ ಎಂಟು ವರ್ಷದ ಮಗುವೂ ಕಾನೂನಿನ ಕಣ್ಣಿಗೆ ಪ್ರದರ್ಶಕಿಯೇ. ಆ ಪ್ರದರ್ಶನವನ್ನು ರೆಕಾರ್ಡ್ ಮಾಡುವ, ಜನರಿಗೆ ತಲುಪಿಸುವ ಹಕ್ಕು ಮೊದಲು ಅವಳದು, 50 ವರ್ಷ ಇರುತ್ತದೆ. 2012ರ ತಿದ್ದುಪಡಿಯಲ್ಲಿ ಇನ್ನೊಂದು ಸೇರಿತು: ತನ್ನ ಪ್ರದರ್ಶನವನ್ನು ಹೆಸರು ಕೆಡುವ ಹಾಗೆ ತಿರುಚಿದರೆ ಪ್ರದರ್ಶಕರು ತಡೆಯಬಹುದು. ಆ ಕಾಮಿಡಿ ಟ್ರ್ಯಾಕ್ ನೆನಪಾಯಿತು ನನಗೆ.

ತೆಗೆದವರು ನಾವು ಅನ್ನೋ ಮಾತಿಗೂ ಅದೇ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಉತ್ತರ ಇದೆ. ಹಣ ಕೊಟ್ಟು ಹೇಳಿ ಮಾಡಿಸಿದ ಫೋಟೋ, ವಿಡಿಯೋದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರದೇ. ಹಾಗಾಗಿ ಬಿಲ್ಲಿನ ಹಿಂಭಾಗದ ಸಣ್ಣ ಅಕ್ಷರ ಓದಿ. ‘ಪ್ರಚಾರಕ್ಕೆ ಬಳಸಿಕೊಳ್ಳಬಹುದು’ ಅಂತ ಒಂದು ಸಾಲು ಸೇರಿಸಿರುವ ಸ್ಟುಡಿಯೋಗಳು ಇವೆ. ನಮ್ಮ ಬಿಲ್ಲಿನಲ್ಲಿ ಅಂಥದ್ದೇನೂ ಇರಲಿಲ್ಲ.

ಮಕ್ಕಳ ವಿಷಯದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಇದೆ. 18 ತುಂಬದವರ ಮಾಹಿತಿ ಬಳಸಲು ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು, ಆ ಒಪ್ಪಿಗೆ ನಿಜವಾಗಿಯೂ ಅವರದೇ ಅಂತ ಖಚಿತ ಮಾಡಿಕೊಂಡಿರಬೇಕು. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆಯನ್ನು ವಾಪಸ್ ಪಡೆಯಲೂ ಆಗಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಕಟ್ಟುಪಾಡುಗಳಿಗೆ ಅಲ್ಲಿಂದ 18 ತಿಂಗಳ ಗಡುವು ಕೊಟ್ಟಿದ್ದಾರೆ. ಮನೆಯವರು ತಮ್ಮ ಮಟ್ಟಿಗೆ ತೆಗೆದುಕೊಳ್ಳುವ ಫೋಟೋಗೆ ಇದು ಅನ್ವಯಿಸುವುದಿಲ್ಲ, ಆದರೆ ವ್ಯಾಪಾರದ ಪ್ರಚಾರಕ್ಕೆ ಹಾಕುವ ಸ್ಟುಡಿಯೋದವರು ಮನೆಯವರಲ್ಲ. ನನಗೆ ಇಷ್ಟವಾದದ್ದು ಇನ್ನೊಂದು ಅಂಶ: ಒಪ್ಪಿಗೆ ಕೇಳುವ ಬರಹವನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಿ ಬೇಕಾದರೂ ಓದುವ ಅವಕಾಶ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಕನ್ನಡದಲ್ಲಿ ಕೇಳಬಹುದು. ನಮ್ಮಲ್ಲಿ ಮೊಮ್ಮಕ್ಕಳನ್ನು ಕ್ಲಾಸಿಗೆ ಕರೆತರುವ ಅಜ್ಜಂದಿರು ಎಷ್ಟೋ ಜನ. ಇಂಗ್ಲಿಷ್ ಫಾರ್ಮ್ ಕೊಟ್ಟರೆ ‘ಎಲ್ಲಿ ಸೈನ್ ಹಾಕ್ಬೇಕಮ್ಮ’ ಅಂತ ಕೇಳಿ ಹಾಕಿಬಿಡುತ್ತಾರೆ. ಅದು ಒಪ್ಪಿಗೆ ಆಗೋಲ್ಲ.

ಇವರ ಪರವಾಗಿಯೂ ಹೇಳಬೇಕು. ಹೇಳಿದ ರಾತ್ರಿಯೇ ಎರಡೂ ರೀಲ್ಸ್ ತೆಗೆದುಹಾಕಿದರು. ಆ ಹುಡುಗಿಯ ಅಮ್ಮನಿಗೆ ತಾವೇ ಫೋನ್ ಮಾಡಿ ಕ್ಷಮೆ ಕೇಳಿದರು. ಆದರೆ ಅಷ್ಟು ಹೊತ್ತಿಗೆ ಬೇರೆ ಯಾರೋ ಆ ಹುಡುಗಿಯ ರೀಲನ್ನು ಇಳಿಸಿಕೊಂಡು ತಮ್ಮ ಚಾನೆಲ್‌ಗೆ ಹಾಕಿದ್ದರು. ಅದಕ್ಕೆ ಸ್ಟುಡಿಯೋದವರ ಕೈಯಲ್ಲಿ ಏನೂ ಮಾಡಲು ಆಗಲಿಲ್ಲ, ತಾಯಿಯೇ ದೂರು ಕೊಡಬೇಕಾಯಿತು. ಯೂಟ್ಯೂಬಿನಲ್ಲಿ ಖಾಸಗಿತನದ ದೂರು ಅಂತ ಬೇರೆ ಫಾರ್ಮ್ ಇದೆ. ಸಾಮಾನ್ಯವಾಗಿ ಯಾರ ಮುಖ ಇದೆಯೋ ಅವರೇ ಕೊಡಬೇಕು, ಮಕ್ಕಳಾದರೆ ಪೋಷಕರು. ವಿಡಿಯೋದಲ್ಲಿ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿನಲ್ಲಿ, ಯಾವ ಬಣ್ಣದ ಬಟ್ಟೆ ಅಂತೆಲ್ಲ ಬರೆಯಬೇಕು. ಮಕ್ಕಳೆಲ್ಲ ಒಂದೇ ಬಣ್ಣದ ಕಾಸ್ಟ್ಯೂಮಿನಲ್ಲಿ ಇದ್ದರೆ ‘ಎಡದಿಂದ ಮೂರನೆಯವಳು’ ಅಂತ ಗುರುತು ಹೇಳಬೇಕಾಗುತ್ತದೆ. ಒಂದು ಪ್ರಶ್ನೆ ಕೇಳಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ.

ನಾನು ಹಾಕಲೇಬಾರದು ಅನ್ನುವವಳಲ್ಲ. ಗುರುಗಳಿಗೆ ಹೊಸ ಮಕ್ಕಳು ಸೇರಬೇಕು, ಅದಕ್ಕೆ ನಾಲ್ಕು ಜನಕ್ಕೆ ಕಾಣಬೇಕು. ನೃತ್ಯದ ಸೀನಿಯರ್ ಪರೀಕ್ಷೆಗೆ ಓದುತ್ತಿರುವ ಹುಡುಗಿಯರಿಗೆ ತಮ್ಮ ವರ್ಣದ (ಭರತನಾಟ್ಯದ ಉದ್ದದ, ಕಷ್ಟದ ನೃತ್ಯ) ತುಣುಕು ಹಾಕಿಸಿಕೊಳ್ಳಲು ಎಷ್ಟು ಆಸೆ ಗೊತ್ತಾ! ಅವರಲ್ಲೊಬ್ಬಳು ಯಾವ ಜತಿ ಹಾಕಬೇಕು ಅಂತ ತಾನೇ ಸೆಕೆಂಡ್ ಗುರುತು ಮಾಡಿ ಸ್ಟುಡಿಯೋಗೆ ಕಳಿಸಿದಳು. ಅವಳಿಗೆ ಯಾವುದು ಚೆನ್ನಾಗಿ ಬಂದಿದೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ತುಣುಕು ಈಗಲೂ ಇವರ ಪೇಜಿನಲ್ಲಿದೆ, ಎಲ್ಲಕ್ಕಿಂತ ಚೆನ್ನಾಗಿರುವುದೂ ಅದೇ.

ಈ ಸಲದ ಗೆಜ್ಜೆ ಪೂಜೆಗೆ (ಕಲಿಯುವವರು ಮೊದಲ ಸಲ ಗೆಜ್ಜೆ ಕಟ್ಟುವ ಕಾರ್ಯಕ್ರಮ) ಮತ್ತೆ ಇವರನ್ನೇ ಕರೆದೆವು, ಮಾತಾಡಿಕೊಂಡು. ತೆಗೆಯೋದಕ್ಕೆ ಒಪ್ಪಿಗೆ, ನಮ್ಮೊಳಗೆ ಹಂಚಿಕೊಳ್ಳೋದಕ್ಕೆ ಒಪ್ಪಿಗೆ, ಹೊರಗೆ ಹಾಕೋದಕ್ಕೆ ಒಪ್ಪಿಗೆ, ಮೂರನ್ನೂ ಬೇರೆ ಬೇರೆ ಕೇಳಿ ಕನ್ನಡದಲ್ಲಿ ಅರ್ಧ ಪುಟದ ಚೀಟಿ ಮಾಡಿದೆವು. ಮಕ್ಕಳಾದರೆ ಅಪ್ಪ ಅಮ್ಮನ ಸಹಿ, ಆದರೆ ಮಗುವನ್ನೂ ಕೇಳಬೇಕು ಅಂತ ಗುರುಗಳು ಹಟ ಹಿಡಿದರು, ಸರಿ ಅನ್ನಿಸಿತು. ಬೇಡ ಅಂದವರಿಗೆ ಮುಂದಿನ ಸಾಲು ತಪ್ಪಿಸೋದು, ಪಾತ್ರ ಕಡಿಮೆ ಮಾಡೋದು ಇಲ್ಲ ಅಂತಲೂ ಚೀಟಿಯಲ್ಲೇ ಬರೆದೆವು. ಈ ಭಯಕ್ಕೇ ಎಷ್ಟೋ ಜನ ಬಾಯಿ ಮುಚ್ಚಿಕೊಂಡು ಸಹಿ ಹಾಕೋದು.

ಗುಂಪು ನೃತ್ಯದ್ದೇ ಕಷ್ಟ. ಎಂಟು ಜನರಲ್ಲಿ ಒಬ್ಬರು ಬೇಡ ಅಂದರೆ? ಆ ಐಟಂ ಹಾಕೋದಿಲ್ಲ, ಅಷ್ಟೇ. ಮುಖ ಮಸುಕು ಮಾಡುತ್ತೇವೆ ಅಂದರು ಸ್ಟುಡಿಯೋದವರು. ನೃತ್ಯದಲ್ಲಿ ಒಬ್ಬರ ಮುಖ ಮಾತ್ರ ಮಸುಕಾದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ, ಹಾಗಾಗಿ ಬೇಡ ಅಂದೆವು. ನಿರೂಪಕಿಯ ಹತ್ತಿರ ಇರುವ ಐಟಂ ಲಿಸ್ಟಿನ ಇನ್ನೊಂದು ಪ್ರತಿಯಲ್ಲಿ ಹಾಕಬಾರದ ಐಟಂಗಳಿಗೆ ಕೆಂಪು ಗೆರೆ ಎಳೆದು ನಡುವಿನ ಕ್ಯಾಮೆರಾದ ಸ್ಟ್ಯಾಂಡಿಗೇ ಅಂಟಿಸಿದರು. ಎಡಿಟ್ ಮಾಡುವ ಹುಡುಗನಿಗೂ ಅದೇ ಪ್ರತಿ ಹೋಯಿತು. ಇದು ಅವರದೇ ಐಡಿಯಾ, ಬಹಳ ಚೆನ್ನಾಗಿ ಕೆಲಸ ಮಾಡಿತು. ಗ್ರೀನ್ ರೂಮಿಗೆ ಯಾವ ಕ್ಯಾಮೆರಾವೂ ಬರಲಿಲ್ಲ. ಪ್ರೇಕ್ಷಕರ ಫೋನಿಗೆ ಮಾತ್ರ ದಾರಿ ಕಾಣಲಿಲ್ಲ. ನಿಮ್ಮ ಮಗುವನ್ನು ತೆಗೆದುಕೊಳ್ಳಿ, ಬೇರೆಯವರ ಮಕ್ಕಳಿರುವುದನ್ನು ಸ್ಟೇಟಸ್‌ಗೆ ಹಾಕಬೇಡಿ ಅಂತ ಶುರುವಿಗೇ ಮೈಕಿನಲ್ಲಿ ಹೇಳಿಸಿದೆವು. ಕೆಲವರು ಕೇಳಿದರು, ಕೆಲವರು ಕೇಳಲಿಲ್ಲ.

ಒಂದು ದೂರು ಇನ್ನೂ ಇದೆ. ಪೂರ್ತಿ ವಿಡಿಯೋವನ್ನು ಇವರು ಯೂಟ್ಯೂಬಿನಲ್ಲಿ ‘ಅನ್‌ಲಿಸ್ಟೆಡ್’ ಅಂತ ಹಾಕಿ ಲಿಂಕ್ ಕೊಡುತ್ತಾರೆ, ಇದು ಖಾಸಗಿ ಅಂತ ಹೇಳುತ್ತಾರೆ. ಖಾಸಗಿ ಅಲ್ಲ. ಹುಡುಕಿದರೆ ಸಿಗುವುದಿಲ್ಲ ಅಷ್ಟೇ, ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದು, ಮುಂದಕ್ಕೆ ಕಳಿಸಬಹುದು. ‘ಪ್ರೈವೇಟ್’ ಇಟ್ಟರೆ ನಾವು ಇಮೇಲ್ ಕೊಟ್ಟವರು ಮಾತ್ರ ನೋಡಲು ಸಾಧ್ಯ. ಎಲ್ಲರ ಇಮೇಲ್ ಸೇರಿಸೋದು ರಗಳೆ ಅಂತ ತಪ್ಪಿಸಿಕೊಳ್ಳುತ್ತಾರೆ. ಪೆನ್‌ಡ್ರೈವ್ ಸಾಕು, ಲಿಂಕ್ ಬೇಡ ಅಂತ ಮೊದಲೇ ಹೇಳಿಬಿಡಿ.

ಸದ್ಯಕ್ಕೆ ಮೂರು ಸ್ಟಾರ್. ಕೆಲಸಕ್ಕೆ ಕಣ್ಣು ಮುಚ್ಚಿ ಕರೆಯಬಹುದು, ಆದರೆ ಅಡ್ವಾನ್ಸ್ ಕೊಡುವ ಮೊದಲು ‘ನಮ್ಮನ್ನು ಕೇಳದೆ ಏನೂ ಹಾಕುವ ಹಾಗಿಲ್ಲ’ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಆ ಸಾಲನ್ನು ಇವರು ತಾವಾಗಿಯೇ ಅಚ್ಚು ಹಾಕಿಸಿ, ಲಿಂಕನ್ನು ಪ್ರೈವೇಟ್ ಮಾಡಿದ ದಿನ ಉಳಿದ ಎರಡು ಸ್ಟಾರನ್ನೂ ಸೇರಿಸುತ್ತೇನೆ.